ಕಂಬ ನಿಲ್ಲಿಸಿ ಅಂದವರು ಯಾರು?

"ಇನ್ನೊಂದ್ಸಲ ಹೇಳಮ್ಮ. ಕಂಡಕ್ಟ್ರು ಏನಂದ್ನೋ ಅಷ್ಟೇ ಹೇಳು. ನಿನ್ನ ಮಾತು ಸೇರಿಸ್ಬೇಡ."

ಗುರುಸಿದ್ದಮ್ಮ ಟೀ ಸೋಸುವ ಬಟ್ಟೆಯನ್ನು ಹಿಂಡಿ ಪಾತ್ರೆಯ ಅಂಚಿಗೆ ಹಾಕಿದಳು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ನಿಲ್ಲುವ ಕಡೆಯೇ ಅವಳ ಅಂಗಡಿ. ನಾಲ್ಕೂ ದಿಕ್ಕಿನ ಸುದ್ದಿ ಅಲ್ಲಿ ಇಳಿದು, ಟೀ ಕುಡಿದು, ಮುಂದಕ್ಕೆ ಹೋಗುತ್ತಿತ್ತು.

"ನಾನ್ಯಾಕಣ್ಣ ಸೇರಿಸ್ಲಿ? ನಂಗೇನು ಅದ್ರಿಂದ ಸಂಬಳ ಬತ್ತದಾ? ಬಸ್ಸು ಬಂತು. ಕಂಡಕ್ಟ್ರು ಮೆಟ್ಲ ಮೇಲೆ ನಿಂತ್ಕಂಡೇ ಕೂಗ್ದ. ‘ಗುರುಸಿದ್ದಮ್ಮಾ, ತಿಪಟೂರಲ್ಲಿ ಹಾಲಸ್ವಾಮಣ್ಣೋರು ಹೇಳವ್ರೆ, ನಾಳಿಂದ ಕಂಬ ನಿಲ್ಸ್‌ಬೇಕಂತೆ, ದುರ್ಗಯ್ಯಂಗೆ ಹೇಳ್ಬುಡು’ ಅಂದ. ದುರ್ಗಯ್ಯ ಟೀಗೆ ಬಂದಾಗ ನಾನೂ ಹಂಗೇ ಹೇಳ್ದೆ. ಅಷ್ಟೇ ಕಣಣ್ಣ."

"ಯಾವತ್ತು ಇದು?"

"ಗೌರಿ ಹಬ್ಬದ ಹಿಂದಿನ ದಿನ. ಬಾಗಿನದ ಮೊರ ತರಾಕೆ ಅಂತ ಅಂಗಡಿ ಬೇಗ ಮುಚ್ಚೋಳಿದ್ದೆ. ಅದ್ಕೇ ಗ್ಯಾಪ್ಕ ಐತೆ."

ಶ್ರೀರಂಗಯ್ಯ ಟೀ ಲೋಟವನ್ನು ಬೆಂಚಿನ ಮೇಲಿಟ್ಟ. ದುರ್ಗಯ್ಯನಿಗೆ ಸುದ್ದಿ ಬಂದಿದ್ದು ನಿಜ. ಅದೊಂದೇ ಸಾಕಿತ್ತು, ಶ್ರೀರಂಗಯ್ಯನ ಮುಖದ ಬಣ್ಣ ಇಳಿಯಲು.

ಯಾಕೆಂದರೆ ಹೋದ ಶನಿವಾರ ತಿಪಟೂರಿನ ಪ್ರವಾಸಿ ಮಂದಿರದಲ್ಲಿ, ಮಧ್ಯಸ್ಥಗಾರರಾಗಿ ಕೂತಿದ್ದ ಹಳೆಯ ಎಂಜಿನಿಯರರ ಮುಂದೆ ಎದ್ದು ನಿಂತು, "ಕೆಲಸ ನಿಲ್ಲಿಸಿ ಅಂತ ಇವನಿಗೆ ಯಾರೂ ಹೋಗಿ ಹೇಳಿಲ್ಲ. ಎಲ್ಲರನ್ನೂ ವಿಚಾರಿಸಿದೀನಿ. ಈ ಮನುಷ್ಯ ಸುಳ್ಳುಗಾರ" ಎಂದು ಎದೆಯುಬ್ಬಿಸಿ ಹೇಳಿದ್ದು ಬೇರೆ ಯಾರೂ ಅಲ್ಲ, ಇದೇ ಶ್ರೀರಂಗಯ್ಯ.

ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದು ಪಿಂಚಣಿ ಪಡೆದ ಮೇಲೂ ಊರಿನವರ ಬಾಯಲ್ಲಿ ಅವನು ರೈಟರೇ. ವಕೀಲರಿಗೆ ಬೇಕಾದ ಸಂಗತಿಗಳನ್ನು ಪತ್ತೆ ಮಾಡಿ ಕೊಡುವುದು ಈಗಿನ ಕಸುಬು. ಈ ಕೇಸಿಗೆ ಅವನನ್ನು ಹಿಡಿದಿದ್ದು ಕಂಟ್ರಾಕ್ಟರ್ ಹಾಲಸ್ವಾಮಿಯ ಕಡೆಯ ವಕೀಲ ರಂಗಪ್ಪ.

ಕೇಸು ಕೇಳುವುದಕ್ಕೆ ಸುಲಭ. ತೆಂಗು ಬೆಳೆಗಾರರ ಸಂಘಕ್ಕೆ ಕ್ರಾಸಿನ ಹತ್ತಿರ ಕೊಬ್ಬರಿ ಉಗ್ರಾಣ ಕಟ್ಟುವ ಗುತ್ತಿಗೆ ಹಾಲಸ್ವಾಮಿಯದು. ಅದರಲ್ಲಿ ಕಲ್ಲುಕಂಬದ ಕೆಲಸವನ್ನು ಮೇಸ್ತ್ರಿ ದುರ್ಗಯ್ಯನಿಗೆ ಒಳಗುತ್ತಿಗೆ ಕೊಟ್ಟಿದ್ದ. ಕಂಬ ಏಳಲಿಲ್ಲ. ತಡವಾಯಿತೆಂದು ಸಂಘದವರು ಹಾಲಸ್ವಾಮಿಯ ಮೇಲೆ ಹರಿಹಾಯ್ದರು. ಹಾಲಸ್ವಾಮಿ ದುರ್ಗಯ್ಯನ ಕಡೆ ಬೆರಳು ತೋರಿಸಿ ಅವನ ಒಳಗುತ್ತಿಗೆಯನ್ನು ರದ್ದು ಮಾಡಿದ. ಹೇಳದೆ ಕೇಳದೆ ಕೆಲಸ ನಿಲ್ಲಿಸಿದ ಎಂಬುದು ಅವನ ದೂರು. ನೀವೇ ನಿಲ್ಲಿಸಿ ಅಂದಿರಿ ಎಂಬುದು ದುರ್ಗಯ್ಯನ ಉತ್ತರ.

ಸುಳ್ಳುಗಾರ ಎಂದಾಗ ದುರ್ಗಯ್ಯ ತಲೆಗೆ ಸುತ್ತಿದ್ದ ವಲ್ಲಿಯನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಬಾಗಿಲ ಹತ್ತಿರ ನಿಂತಿದ್ದ ಹೆಂಡತಿಯ ಮುಖವನ್ನೊಮ್ಮೆ ನೋಡಿದ್ದ. ಆ ನೋಟ ಶ್ರೀರಂಗಯ್ಯನಿಗೆ ಅಂಟಿಕೊಂಡಿತು. ಅವತ್ತಿನಿಂದ ಅನ್ನ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ಯಾರೂ ಕೇಳದಿದ್ದರೂ ಅವನು ಈ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಕ್ರಾಸಿಗೆ ಬಂದದ್ದು ಅದಕ್ಕೇ.

ಹಾಲಸ್ವಾಮಿಯ ಆಳುಗಳನ್ನೆಲ್ಲ ವಿಚಾರಿಸಿದ್ದವನಿಗೆ, ಸುದ್ದಿ ಹೋಗಲು ಆಳೇ ಬೇಕಿಲ್ಲ, ಬಸ್ಸಿನ ಕಂಡಕ್ಟರ್ ಸಾಕು ಎಂದು ಹೊಳೆದಿರಲಿಲ್ಲ. ಎಂಥ ಪತ್ತೇದಾರ!

ಅಷ್ಟರಲ್ಲಿ ತುರುವೇಕೆರೆ ಕಡೆಯ ಬಸ್ಸು ಬಂತು. ಒಬ್ಬ ಮುದುಕ ಕೈಯೆತ್ತಿಕೊಂಡು ಓಡಿದ. "ನಿಲ್ಸಪ್ಪೋ, ನಿಲ್ಸು!"

ಅದೇ ಹೊತ್ತಿಗೆ ಸೈಕಲ್ ತಳ್ಳಿಕೊಂಡು ಬಂದವನೊಬ್ಬ ಅಂಗಡಿಯ ಮುಂದೆ ತಡೆದು ಕೇಳಿದ. "ಸೈಕಲ್ನ ಇಲ್ಲೇ ನಿಲ್ಸ್ಲಾ ಗುರುಸಿದ್ದಕ್ಕ?"

ಶ್ರೀರಂಗಯ್ಯ ಕೂತಲ್ಲಿಂದ ಎದ್ದುಬಿಟ್ಟ.

ಬಸ್ಸು ನಿಲ್ಲಿಸು ಅಂದರೆ ಮುಂದೆ ಹೋಗಬೇಡ ಅಂತ. ಸೈಕಲ್ ನಿಲ್ಲಿಸು ಅಂದರೆ ಬೀಳದ ಹಾಗೆ ನೆಟ್ಟಗೆ ನಿಲ್ಲಿಸು ಅಂತ. ಕಂಬ ನಿಲ್ಲಿಸು ಅಂದರೆ? ಕಂಬವನ್ನು ಎತ್ತಿ ನಿಲ್ಲಿಸು ಅಂತಲೂ ಆಯಿತು, ಕಂಬದ ಕೆಲಸ ನಿಲ್ಲಿಸು ಅಂತಲೂ ಆಯಿತು!

ಹಾಲಸ್ವಾಮಿ ಎತ್ತಿ ನಿಲ್ಲಿಸಲು ಹೇಳಿದ್ದಾನೆ, ದುರ್ಗಯ್ಯ ಕೆಲಸ ನಿಲ್ಲಿಸಿದ್ದಾನೆ. ಇಬ್ಬರೂ ಸುಳ್ಳು ಹೇಳಿಲ್ಲ. ಶ್ರೀರಂಗಯ್ಯನಿಗೆ ನಗು ಬಂತು. ಎದೆಯ ಮೇಲಿನ ಭಾರ ಅರ್ಧ ಇಳಿದಂತಾಯಿತು. ಇನ್ನರ್ಧ ಇಳಿಯಬೇಕಾದರೆ ದುರ್ಗಯ್ಯನ ಹತ್ತಿರ ಹೋಗಲೇಬೇಕಿತ್ತು.

ಉಗ್ರಾಣದ ಜಾಗ ಚಿಕ್ಕನಾಯಕನಹಳ್ಳಿ ರಸ್ತೆಯ ಪಕ್ಕದಲ್ಲಿ. ದಾರಿಯುದ್ದಕ್ಕೂ ಅವನು ಬಾಯಿಪಾಠ ಮಾಡಿಕೊಂಡೇ ನಡೆದ. ‘ದುರ್ಗಯ್ಯ, ನನ್ನಿಂದ ತಪ್ಪಾಯ್ತು ಕಣಪ್ಪ, ಮನಸ್ಸಿನಲ್ಲಿ ಇಟ್ಕೋಬೇಡ.’ ಇಷ್ಟೇ ಮಾತು. ಅರವತ್ತು ದಾಟಿದ ನಾಲಿಗೆಗೆ ಇದೇನು ಕಷ್ಟವಲ್ಲ ಎಂದುಕೊಂಡ.

ಕಡೆದ ಕಂಬಗಳು ತೆಂಗಿನ ಮರಗಳ ಅಡಿಯಲ್ಲಿ ಹುಲ್ಲು ಹೊದ್ದು ಮಲಗಿದ್ದವು. ಪಕ್ಕದಲ್ಲಿ ಗರಿಯ ಗುಡಿಸಲು. ಕೆಲಸದವರೆಲ್ಲ ಬಿಟ್ಟು ಹೋಗಿದ್ದರು. ಸುಳ್ಳು ಹೇಳಿ ಅರ್ಧದಲ್ಲಿ ಕೈಬಿಟ್ಟ ಮೇಸ್ತ್ರಿ ಎಂಬ ಹೆಸರು ಬಿದ್ದ ಮೇಲೆ ಯಾವ ಕಂಟ್ರಾಕ್ಟರೂ ಇವನನ್ನು ಕರೆಯುತ್ತಿರಲಿಲ್ಲ. ಕಡೆದ ಕಲ್ಲನ್ನಾದರೂ ಕಾಯೋಣವೆಂದು ದುರ್ಗಯ್ಯ ಹೆಂಡತಿ ಓಬಮ್ಮನೊಂದಿಗೆ ಅಲ್ಲೇ ಉಳಿದಿದ್ದ.

ಶ್ರೀರಂಗಯ್ಯನನ್ನು ಕಂಡು ದುರ್ಗಯ್ಯ ಎದ್ದು ನಿಂತ. ಬೈಯಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ಒಂದು ಕಂಬದ ಧೂಳು ಒರೆಸಿ, "ಕೂತ್ಕಳಿ ಸ್ವಾಮಿ" ಎಂದ.

ಬೈದಿದ್ದರೆ ಚೆನ್ನಾಗಿತ್ತು. ಆ ಮರ್ಯಾದೆಯ ಮುಂದೆ ಬಾಯಿಪಾಠ ಮಾಡಿದ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ತಪ್ಪಾಯ್ತು ಎನ್ನಬೇಕಾದ ಜಾಗದಲ್ಲಿ ಶ್ರೀರಂಗಯ್ಯ ತನ್ನ ಪತ್ತೇದಾರಿಕೆಯನ್ನು ಬಿಚ್ಚಿದ. ಬಸ್ಸು, ಸೈಕಲ್ಲು, ಕಂಡಕ್ಟರು, ಗುರುಸಿದ್ದಮ್ಮ ಎಲ್ಲವನ್ನೂ ರಸವತ್ತಾಗಿ ವಿವರಿಸಿದ. ಕ್ಷಮೆ ಕೇಳುವುದಕ್ಕಿಂತ ಕಥೆ ಹೇಳುವುದು ಅವನಿಗೆ ಯಾವತ್ತೂ ಸುಲಭ.

ದುರ್ಗಯ್ಯ ಉಸಿರು ಬಿಗಿಹಿಡಿದು ಕೇಳಿದ.

"ಹಂಗಾರೆ ಸಾವ್ಕಾರ್ರು ಸುಳ್ಳು ಹೇಳ್ಲಿಲ್ಲ."

"ಇಲ್ಲ."

"ನಾನೂ ಸುಳ್ಳು ಹೇಳ್ಲಿಲ್ಲ."

"ನೀನೂ ಹೇಳ್ಲಿಲ್ಲ ಕಣಪ್ಪ. ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ದುರ್ಗಯ್ಯನ ಕಣ್ಣು ತುಂಬಿ ಬಂತು. ಅವನು ಹೆಂಡತಿಯ ಕಡೆ ತಿರುಗಿದ. "ಕೇಳಿಸ್ಕಂಡ್ಯೇನೇ? ಸುಳ್ಳುಗಾರ ಅಲ್ವಂತೆ ಕಣೇ ನಾನು."

ಆಮೇಲೆ ಸ್ವಲ್ಪ ಯೋಚಿಸಿ ಕೇಳಿದ. "ಮತ್ತೆ ತಪ್ಪು ಯಾರ್ದು ಸ್ವಾಮಿ?"

"ಯಾರ್ದೂ ಅಲ್ಲಪ್ಪ. ನಿನ್ನ ಕಿವೀದು ಅಂತ ಇಟ್ಕೋ," ಎಂದು ಶ್ರೀರಂಗಯ್ಯ ನಕ್ಕ. ತಮಾಷೆಗೆ ಅಂದ ಮಾತು.

ಓಬಮ್ಮ ನಗಲಿಲ್ಲ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. "ಅಲ್ಲ ಸ್ವಾಮಿ, ಕಂಬ ಎತ್ತಿ ನಿಲ್ಸಾಕೆ ಅಂದಿದ್ರೆ, ಅವತ್ತು ಬೆಳಿಗ್ಗೆನೇ ಚೈನ್‌ಪುಲ್ಲಿನ ಲಾರಿಗ್ ಹಾಕ್ಕಂಡು ಯಾಕ್ ತಗಂಡೋದ್ರು? ಅದಿಲ್ದೆ ಈ ಕಲ್ಲು ಎತ್ತಾಕಾಯ್ತದಾ?"

ಚೈನ್‌ಪುಲ್ಲಿ ಹಾಲಸ್ವಾಮಿಯದು. ಭಾರದ ಕಲ್ಲನ್ನು ಸರಪಳಿ ಎಳೆದು ಮೇಲೆತ್ತುವ ಆ ಸಾಮಾನು ಇಲ್ಲದೆ ಕಲ್ಲುಕಂಬ ಮಿಸುಕುವುದಿಲ್ಲ. ಆದರೆ ದೂರದಲ್ಲಿ ತಿಪಟೂರು ಬಸ್ಸಿನ ಹಾರ್ನ್ ಕೇಳಿಸಿತು. ಕಗ್ಗಂಟು ಬಿಡಿಸಿದ ಖುಷಿಯಲ್ಲಿದ್ದವನಿಗೆ ಹೊಸ ಗಂಟು ಬೇಕಿರಲಿಲ್ಲ.

"ಅದು ಬೇರೆ ವಿಚಾರ ಕಣಮ್ಮ. ಎಲ್ಲೋ ಬೇಕಾಗಿರುತ್ತೆ" ಎಂದು ಹೇಳಿ ಶ್ರೀರಂಗಯ್ಯ ರಸ್ತೆಯ ಕಡೆ ಓಡಿದ.

ಮನೆಗೆ ಹೋಗಿ ಬಿಸಿನೀರು ಹುಯ್ದುಕೊಂಡ. ಮುದ್ದೆ ಸೊಪ್ಪಿನ ಸಾರು ಗಂಟಲಲ್ಲಿ ಸಲೀಸಾಗಿ ಇಳಿಯಿತು. ಶನಿವಾರದಿಂದ ದೂರವಿದ್ದ ನಿದ್ದೆ ಚಾಪೆ ಹಾಸುವ ಮೊದಲೇ ಬಂದು ಕೂತಿತ್ತು.

ಎಚ್ಚರವಾದಾಗ ಬಿಸಿಲು ಇಳಿಮುಖವಾಗಿತ್ತು. ಕಣ್ಣು ಬಿಡುವುದಕ್ಕೂ ಮುಂಚೆ ಓಬಮ್ಮನ ಮಾತು ಕಿವಿಯಲ್ಲಿತ್ತು. ಯಾಕ್ ತಗಂಡೋದ್ರು?

ಶ್ರೀರಂಗಯ್ಯ ಚಾಪೆಯ ಮೇಲೆ ಎದ್ದು ಕೂತ. ಬೆಳಿಗ್ಗೆ ಅದಕ್ಕೆ ಉತ್ತರ ಕೊಡದೆ ಬಂದಿದ್ದಕ್ಕೆ ಈಗ ನಾಚಿಕೆಯಾಯಿತು. ಠಾಣೆಯಲ್ಲಿ ಹೊಸ ಪೇದೆ ಹೀಗೆ ಮಾಡಿದ್ದರೆ ಅವನೇ ಉಗಿಯುತ್ತಿದ್ದ. ಕೋಟು ಸಿಕ್ಕಿಸಿಕೊಂಡು ಹಾಲಸ್ವಾಮಿಯ ಮಂಡಿಗೆ ಹೊರಟ.

ಹಾಲಸ್ವಾಮಿಗೆ ಕಂಟ್ರಾಕ್ಟಿನ ಜೊತೆಗೆ ಕೊಬ್ಬರಿ ಮಂಡಿಯೂ ಇತ್ತು. ಮುಂಬಾಗಿಲಲ್ಲಿ ಕೊಬ್ಬರಿ ಮೂಟೆ ಹೊಲಿಯುತ್ತಿದ್ದರು. ಶ್ರೀರಂಗಯ್ಯ ಪಕ್ಕದ ಓಣಿಯಿಂದ ಹಿಂದಕ್ಕೆ ಹೋದ. ಹಿಂದೆ ಸಾಹುಕಾರನ ಹೊಸ ಮಹಡಿ ಏಳುತ್ತಿತ್ತು. ಮೂರು ಮರ ಸೇರಿಸಿ ಕಟ್ಟಿದ ಮುಕ್ಕಾಲಿಗೆ ನೇತು ಬಿದ್ದಿದ್ದ ಚೈನ್‌ಪುಲ್ಲಿ ಕರಕರ ಸದ್ದು ಮಾಡುತ್ತ ಒಂದು ಕಲ್ಲು ಚಪ್ಪಡಿಯನ್ನು ಮೇಲಕ್ಕೆ ಎಳೆಯುತ್ತಿತ್ತು.

ಸರಪಳಿ ಎಳೆಯುತ್ತಿದ್ದ ಹಮಾಲಿ ಚಿಕ್ಕರಂಗಯ್ಯ ಬೆವರು ಒರೆಸಿಕೊಂಡು ನಕ್ಕ. "ಏನ್ ರೈಟ್ರೇ, ನೀವೂ ಒಂದು ಕೈ ಹಾಕ್ತೀರಾ?"

"ಇದು ಯಾವಾಗ ಬಂತಪ್ಪ ಇಲ್ಲಿಗೆ?"

"ಗೌರಿ ಹಬ್ಬದ ಹಿಂದಿನ ದಿನ ಕಣ್ರೀ. ಬೆಳಿಗ್ಗೆನೇ ಲಾರೀಲಿ ಬಂತು. ಅವತ್ತಿಂದ ಉಸ್ರಾಡಾಕೂ ಬಿಟ್ಟಿಲ್ಲ ನಮ್ಮುನ್ನ. ಹಬ್ಬಕ್ಕೂ ರಜಾ ಕೊಡ್ಲಿಲ್ಲ."

ಗೋಡೆಯ ಪಕ್ಕದಲ್ಲಿ ಸಿಮೆಂಟಿನ ಖಾಲಿ ಚೀಲಗಳು ಮಡಿಸಿ ಬಿದ್ದಿದ್ದವು. ಒಂದು ಮೂಟೆ ಸಿಮೆಂಟಿಗೂ ಪರ್ಮಿಟ್ಟಿಗಾಗಿ ತಾಲ್ಲೂಕು ಕಚೇರಿಯಲ್ಲಿ ಕೈಕಟ್ಟಿ ನಿಲ್ಲಬೇಕಾದ ಕಾಲ ಅದು. ಹಾಲಸ್ವಾಮಿಗೆ ಆ ವರ್ಷ ಸಿಕ್ಕಿದ್ದ ಪರ್ಮಿಟ್ಟು ಒಂದೇ, ಸಂಘದ ಉಗ್ರಾಣಕ್ಕೆ. ಕಂಬ ನಿಲ್ಲಿಸುವ ಗುಂಡಿಗೆ ಹೋಗಬೇಕಾದ ಸಿಮೆಂಟು ಇಲ್ಲಿ ಮಹಡಿಯಾಗಿತ್ತು. ಹಾಗಾದರೆ ತಡ ಮಾಡಿದವನು ಯಾರೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಶ್ರೀರಂಗಯ್ಯ ಮಂಡಿಯ ಒಳಗೆ ಹೋದ. ಹಣೆಯ ತುಂಬ ವಿಭೂತಿ ಬಳಿದುಕೊಂಡು ಹಾಲಸ್ವಾಮಿ ಗದ್ದಿಗೆಯ ಮೇಲೆ ದಿಂಬಿಗೆ ಒರಗಿದ್ದ.

"ಬನ್ನಿ ಬನ್ನಿ ರೈಟರೇ. ಎಳನೀರು ತರಿಸ್ಲಾ?"

"ಬೇಡಿ. ಒಂದು ಮಾತು ಕೇಳಿ ಹೋಗ್ತೀನಿ. ನೀವು ಬಸ್ ಕಂಡಕ್ಟರ್ ಕೈಲಿ ಸುದ್ದಿ ಕಳಿಸಿದ್ರಿ."

"ಕಳಿಸಿದ್ದೆ."

"ನಾನು ಕೇಳ್ದಾಗ ಯಾರನ್ನೂ ಕಳಿಸಿಲ್ಲ ಅಂದ್ರಿ!"

"ಯಾರನ್ನೂ ಕಳಿಸ್ಲಿಲ್ಲವಲ್ಲ. ಸುದ್ದಿ ಕಳಿಸಿದ್ರಾ ಅಂತ ನೀವು ಕೇಳ್ಲೇ ಇಲ್ಲ." ಹಾಲಸ್ವಾಮಿ ಬಾಯಿಗೆ ಒಂದು ಚೂರು ಕೊಬ್ಬರಿ ಹಾಕಿಕೊಂಡ. "ಕಂಬ ನಿಲ್ಸಿ ಅಂದೆ. ಅದ್ರಲ್ಲೇನು ತಪ್ಪು?"

"ಎತ್ತಿ ನಿಲ್ಸಾಕೆ ಅಂದಿದ್ರೆ ಅವತ್ತೇ ಚೈನ್‌ಪುಲ್ಲಿ ಯಾಕೆ ತರಿಸ್ಕೊಂಡ್ರಿ? ಸಿಮೆಂಟ್ ಯಾಕೆ ನಿಮ್ಮ ಮಹಡಿಗೆ ಬಂತು? ಕೆಲಸ ನಿಲ್ಲಲಿ ಅಂತಾನೇ ಹೇಳಿದ್ರಿ ನೀವು. ತಡ ನಿಮ್ಮ ತಲೆ ಮೇಲೆ ಬರುತ್ತೆ ಅಂತ, ಎರಡು ಕಡೆಗೂ ತಿರುಗೋ ಮಾತು ಹುಡುಕಿ ಕಳಿಸಿದ್ರಿ. ಕೆಲಸ ನಿಂತರೆ ಅವನ ತಪ್ಪು, ಯಾರಾದ್ರೂ ಕೇಳಿದ್ರೆ ನಿಮ್ಮ ಮಾತು ಸರಿ."

ಹಾಲಸ್ವಾಮಿ ಕೊಬ್ಬರಿ ಅಗಿಯುವುದನ್ನು ನಿಲ್ಲಿಸಲಿಲ್ಲ. ಗುಮಾಸ್ತನನ್ನು ಕಣ್ಣಲ್ಲೇ ಹೊರಗೆ ಕಳಿಸಿದ.

"ಮಂಡಿ ವ್ಯಾಪಾರಿ ನಾನು. ಕೊಬ್ಬರಿ ಬಡಿದು ನೋಡಿ ಒಳಗೆ ಹೇಗಿದೆ ಹೇಳಬಲ್ಲೆ. ಮಾತಿನ ವಿದ್ಯೆ ನನಗೆಲ್ಲಿಂದ ಬರಬೇಕು ರೈಟರೇ? ನೆನಪಿಲ್ವಾ, ಯುಗಾದಿ ಆದ್ಮೇಲೆ ನಮ್ಮ ಹುಡುಗೀ ನಿಶ್ಚಿತಾರ್ಥ?"

"ನೆನಪಿದೆ," ಎಂದ ಶ್ರೀರಂಗಯ್ಯ.

"ಊಟ ಆಗಿತ್ತು. ಎಲೆಅಡಿಕೆ ಹಾಕ್ಕೊಂಡು ಎಲ್ಲರೂ ಜಗಲಿ ಮೇಲೆ ಕೂತಿದ್ವಿ. ನೀವು ಪೇದೆ ಕೆಂಚಯ್ಯನ ಕಥೆ ಹೇಳಿದ್ರಿ."

ಹೇಳಿದ್ದ. ಹೇಳದೆ ಇರುತ್ತಾನೆಯೇ? ಸ್ವಾತಂತ್ರ್ಯ ದಿನಾಚರಣೆಯ ಹಿಂದಿನ ದಿನ ಇನ್ಸ್‌ಪೆಕ್ಟರ್, "ಮೈದಾನಕ್ಕೆ ಹೋಗಿ ಬಾವುಟದ ಕಂಬ ನಿಲ್ಲಿಸೋಕೆ ಹೇಳು" ಎಂದು ಕಳಿಸಿದರೆ, ಕೆಂಚಯ್ಯ ಹೋಗಿ ಕಂಬ ನೆಡುತ್ತಿದ್ದವರನ್ನು ಗದರಿಸಿ ಮನೆಗೆ ಅಟ್ಟಿದ್ದ. ಬೆಳಗಾದರೆ ಬಾವುಟ ಇದೆ, ಕಂಬ ಇಲ್ಲ. ಕೆಂಚಯ್ಯನ ಹಾಗೆ ಮೀಸೆ ತಿರುವಿ, ಇನ್ಸ್‌ಪೆಕ್ಟರ್ ಹಾಗೆ ಕಣ್ಣು ಬಿಟ್ಟು ಶ್ರೀರಂಗಯ್ಯ ಆ ಕಥೆಯನ್ನು ಆಡಿ ತೋರಿಸಿದ್ದ. ಜಗಲಿಯೆಲ್ಲ ನಕ್ಕಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕು, ಕಣ್ಣೀರು ಒರೆಸಿಕೊಂಡು, ಇನ್ನೊಂದು ಸಲ ಹೇಳಿ ಎಂದು ಕೇಳಿದವನು ಹಾಲಸ್ವಾಮಿ.

"ಎರಡು ಸಲ ಹೇಳಿಸ್ಕೊಂಡೆ ನಿಮ್ಮ ಕೈಲಿ," ಎಂದ ಹಾಲಸ್ವಾಮಿ. "ನನಗೆ ಎರಡು ಅರ್ಥ ಗೊತ್ತಿತ್ತು ಅನ್ನೋಕೆ ಸಾಕ್ಷಿ ಬೇಕಾದ್ರೆ ನೀವೇ ಸಾಕ್ಷಿ. ಹೋಗಿ ಹೇಳಿ, ‘ಉಪಾಯ ಹೇಳಿಕೊಟ್ಟೋನು ನಾನೇ’ ಅಂತ."

ಶ್ರೀರಂಗಯ್ಯನ ಕಿವಿ ಸುಟ್ಟ ಹಾಗಾಯಿತು. ಜನ ನಗಲಿ ಎಂದು ಹೇಳಿದ ಕಥೆ ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿತ್ತು. ಆಮೇಲೆ ಅದೇ ಮನುಷ್ಯನನ್ನು ನಾಲ್ಕು ಜನರ ಮುಂದೆ ಸುಳ್ಳುಗಾರ ಎಂದು ಕರೆದವನೂ ತಾನೇ. ಯಾವ ಕಡೆ ಮುಖ ತಿರುಗಿಸಿದರೂ ಎದುರಿಗೆ ತಾನೇ ನಿಂತಿದ್ದ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಹೇಳ್ತೀನಿ," ಎಂದ. ದನಿ ಅವನಿಗೇ ಕೇಳಿಸಲಿಲ್ಲ. ಮತ್ತೆ ಗಟ್ಟಿಯಾಗಿ ಹೇಳಿದ. "ಬರೋ ಶನಿವಾರ ಮಧ್ಯಸ್ಥಗಾರರ ಮುಂದೆ ಎಲ್ಲಾನೂ ಹೇಳ್ತೀನಿ. ಕೆಂಚಯ್ಯನ ಕಥೇನೂ ಹೇಳ್ತೀನಿ. ನಗೋರು ನಗಲಿ."

"ಶನಿವಾರದ ತನಕ ಯಾಕೆ?" ಹಾಲಸ್ವಾಮಿ ದಿಂಬು ಬಿಟ್ಟು ನೆಟ್ಟಗೆ ಕೂತ. "ಮಧ್ಯಾಹ್ನವೇ ದುರ್ಗಯ್ಯ ಬಂದಿದ್ದ. ಬೆಳಿಗ್ಗೆ ನೀವು ಹೋಗಿ ಬಿಡಿಸಿ ಹೇಳಿದ್ರಂತೆ. ತಪ್ಪು ನನ್ನ ಕಿವೀದು ಸಾವ್ಕಾರ್ರೇ ಅಂತ ಕಾಲಿಗೆ ಬೀಳೋಕೆ ಬಂದ. ಒಳ್ಳೇ ಮನುಷ್ಯ. ರಾಜಿ ಮಾಡ್ಕೊಳ್ಳಪ್ಪ ಅಂತ ರಂಗಪ್ಪನವರ ಆಫೀಸಿಗೆ ಕಳಿಸಿದೀನಿ."

ಶ್ರೀರಂಗಯ್ಯ ಬಾಗಿಲ ಕಡೆ ತಿರುಗಿದ. ತಾನು ಮುದ್ದೆ ಉಂಡು ಮಲಗಿದ್ದಾಗ ನಡೆದ ಸಂಗತಿ ಇದು!

ಅವನು ಚಪ್ಪಲಿ ಮೆಟ್ಟಿದನೋ ಇಲ್ಲವೋ, ಪೇಟೆ ಬೀದಿಗೆ ಓಡಿದ. ರಂಗಪ್ಪನ ಆಫೀಸು ಜವಳಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ಬುಡಕ್ಕೆ ಬರುವಷ್ಟರಲ್ಲಿ ಮೇಲಿಂದ ದುರ್ಗಯ್ಯ ಇಳಿದು ಬರುತ್ತಿದ್ದ. ತಲೆಗೆ ಮತ್ತೆ ವಲ್ಲಿ ಸುತ್ತಿದ್ದ. ಶನಿವಾರ ಬಾಡಿಹೋಗಿದ್ದ ಮುಖದಲ್ಲಿ ಈಗ ಕಳೆ ಇತ್ತು. ಎಡಗೈ ಹೆಬ್ಬೆರಳು ಒತ್ತಿದ ಶಾಯಿಯಿಂದ ನೀಲಿಯಾಗಿತ್ತು.

"ಸ್ವಾಮೀ! ನಿಮಗೇ ಕಾಯ್ತಿದ್ದೆ" ಎಂದು ಎರಡು ಕೈಯಲ್ಲೂ ಶ್ರೀರಂಗಯ್ಯನ ಕೈ ಹಿಡಿದುಕೊಂಡ. "ಸುಳ್ಳುಗಾರ ಅನ್ನೋ ಮಾತು ತೆಗ್ದಾಕವ್ರೆ. ಓದಿ ಹೇಳಿದ್ರು ವಕೀಲ್ರು. ನಂಗಿನ್ನೇನು ಬೇಕು?"

"ಮತ್ತೇನು ಬರೆದವ್ರಪ್ಪ ಅದ್ರಲ್ಲಿ?"

"ತಪ್ಪಾಗಿ ಕೇಳಿಸ್ಕಂಡು ನಾನೇ ಕೆಲ್ಸ ನಿಲ್ಸ್ದೆ, ತಡ ಆಗಿದ್ದು ನನ್ನಿಂದ್ಲೇ ಅಂತ. ಅದು ನಿಜಾನೇ ಅಲ್ವಾ? ಕಡೆದ ಕಂಬಾನೆಲ್ಲ ಸಾವ್ಕಾರ್ರಿಗೇ ಬುಟ್ಟೆ. ಹೋಗ್ಲಿ ಬುಡಿ, ಕಲ್ಲು ತಾನೇ? ಇನ್ನೊಬ್ರ ಕೆಲ್ಸಕ್ಕೆ ತಲೆಯೆತ್ಕಂಡು ಹೋಗ್ಬೋದು. ನೀವು ಬರದಿದ್ರೆ ನಾನು ಸುಳ್ಳುಗಾರ ಅಂತಾನೇ ಸಾಯ್ತಿದ್ದೆ."

ಶ್ರೀರಂಗಯ್ಯ ಕೈ ಬಿಡಿಸಿಕೊಳ್ಳಲು ನೋಡಿದ. ದುರ್ಗಯ್ಯ ಬಿಡಲಿಲ್ಲ. ಹೆಬ್ಬೆರಳಿನ ನೀಲಿ ಇವನ ಅಂಗೈಗೂ ಹತ್ತಿತು.

ಮಹಡಿಯ ಕಿಟಕಿಯಿಂದ ವಕೀಲ ರಂಗಪ್ಪ ತಲೆ ಹೊರಗೆ ಹಾಕಿದ. "ಬಂದ್ರಾ ರೈಟರೇ? ಬನ್ನಿ ಮೇಲೆ. ಸಾಕ್ಷಿ ಜಾಗದಲ್ಲಿ ನಿಮ್ಮದೊಂದು ರುಜು ಬಾಕಿ. ಸಾವ್ಕಾರ್ರೂ ನೀವೇ ಆಗ್ಬೇಕು ಅಂದ್ರು, ದುರ್ಗಯ್ಯನೂ ನೀವೇ ಆಗ್ಬೇಕು ಅಂತಾನೆ."

"ಹೂಂ ಸ್ವಾಮಿ. ಬೇರೆ ಯಾರೂ ಬ್ಯಾಡ ಅಂದೆ ನಾನು," ಎಂದು ದುರ್ಗಯ್ಯ ಹೆಮ್ಮೆಯಿಂದ ದಾರಿ ಬಿಟ್ಟು ನಿಂತ.

ಶ್ರೀರಂಗಯ್ಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ರುಜು ಹಾಕಿದರೆ ಹಾಲಸ್ವಾಮಿಯ ಮೋಸಕ್ಕೆ ತಾನೇ ಮೊಳೆ ಹೊಡೆದಂತೆ. ಹಾಕದೆ ನಿಜ ಹೇಳಿದರೆ ಈ ಮನುಷ್ಯನ ಮುಖದಲ್ಲಿ ಈಗಷ್ಟೇ ಮೂಡಿದ ಕಳೆಯನ್ನು ಈ ಬೀದಿಯಲ್ಲೇ ಅಳಿಸಬೇಕು, ಅಳಿಸುವಾಗ ಜಗಲಿಯ ಮೇಲೆ ಮೀಸೆ ತಿರುವಿದ್ದನ್ನೂ ಹೇಳಬೇಕು. ಬೆಳಿಗ್ಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಆ ಒಂದು ಮಾತು ಈಗಲೂ ಅಲ್ಲೇ ಇತ್ತು.

ಜವಳಿ ಅಂಗಡಿಯ ಕಂಬಕ್ಕೆ ಒರಗಿ ಓಬಮ್ಮ ನಿಂತಿದ್ದಳು. ಗಂಡನ ಸಂತೋಷದಲ್ಲಿ ಅವಳು ಸೇರಿರಲಿಲ್ಲ. ಶ್ರೀರಂಗಯ್ಯ ಅವಳತ್ತ ನೋಡಬಾರದು ಎಂದುಕೊಂಡೇ ನೋಡಿದ.

ಅವಳು ಹತ್ತಿರ ಬಂದು, ದುರ್ಗಯ್ಯನಿಗೂ ಕೇಳುವ ಹಾಗೆ ಕೇಳಿದಳು.

"ಸ್ವಾಮಿ, ಆ ಚೈನ್‌ಪುಲ್ಲಿ ಎಲ್ಲೈತೆ ಅಂತ ಗೊತ್ತಾಯ್ತಾ?"